ಕಟ್ಟೆಯ ಮೇಲೆ ಕುಳಿತ ಬಳೆಗಾರ್ತಿ

ಅವರ ಎರಡೂ ಕೈಗಳ ಹೆಬ್ಬೆರಳಿನ ಬುಡದಲ್ಲಿ ಕೂದಲೆಳೆಯಂಥ ಬಿಳಿ ಗೀರುಗಳಿದ್ದವು. ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಹರಡಿದ್ದ ಆ ಗೀರುಗಳನ್ನು ಎಣಿಸಲು ಹೋದವರು ಸೋಲಬೇಕು. ಐವತ್ತು ವರ್ಷ ಹೆಂಗಸರ ಮುಂಗೈಗೆ ಗಾಜಿನ ಬಳೆ ಏರಿಸಿದ ಕೈಗಳು ಅವು. ಅವರ ಸ್ವಂತ ಮಣಿಕಟ್ಟುಗಳು ಮಾತ್ರ ಬರಿದಾಗಿದ್ದವು. ಗಂಡ ತೀರಿದ ದಿನದಿಂದ ಅಲ್ಲಿಗೆ ಒಂದು ಬಳೆಯೂ ಏರಿರಲಿಲ್ಲ.

ಗೊಳಸಂಗಿಯ ಸುತ್ತಲಿನ ಹಳ್ಳಿಗಳಲ್ಲಿ ಅವರನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ತವರು ಹಳೆಯ ಕೊಲ್ಹಾರ. ‘ನನ್ನ ತವರಮನಿಗಿ ಹೋಗಬೇಕಂದ್ರ ಈಸು ಬರಬೇಕು’ ಎಂದು ನಗುತ್ತಿದ್ದರು. ಆ ಮನೆ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದೆ. ಮದುವೆ, ಬಸುರಿಯ ಕುಬಸ, ಪಂಚಮಿ ಎಂದರೆ ಬಳೆ ಪೋಣಿಸಿದ ಮಲಾರ ಹೆಗಲಿಗೇರಿಸಿ ನಡೆದೇ ಬರುತ್ತಿದ್ದರು. ಹೊಸ ಮದುಮಗಳು ಕೈ ಬಿಗಿಹಿಡಿದು ಕಣ್ಣು ಮುಚ್ಚಿದರೆ, ‘ಕೈ ಸಡ್ಲ ಬಿಡವ್ವಾ. ಬಳಿ ಒತ್ತಿದ್ರ ಒಡೀತೈತಿ, ನಾ ಕೈ ಒತ್ತಾಕಿ. ಎಲ್ಲಿ, ನಿನ್ನ ಗಂಡನ ಹೆಸರ ಹೇಳು ನೋಡೂಣು’ ಎನ್ನುತ್ತಿದ್ದರು. ಹುಡುಗಿ ನಾಚಿಕೊಂಡು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಡಜನ್ ಬಳೆ ಏರಿರುತ್ತಿತ್ತು. ಬೆರಳ ಗೆಣ್ಣು ದಾಟುವ ಮೊದಲು ಒಡೆದ ಬಳೆ ಬಳೆಗಾರರದು, ದಾಟಿದ ಮೇಲೆ ಒಡೆದದ್ದು ತೊಟ್ಟವರದು. ಇದು ಆ ಕಸುಬಿನ ಕಾಯ್ದೆ. ಅದನ್ನು ಅವರು ಎಂದೂ ಮುರಿಯಲಿಲ್ಲ ಎಂದು ಜನ ಹೇಳುತ್ತಾರೆ. ನಾನು ಎಲ್ಲ ಮನೆಗಳಲ್ಲಿ ನಿಂತು ನೋಡಿಲ್ಲವಾದ್ದರಿಂದ, ನಮ್ಮ ಮನೆಯಲ್ಲಿ ಮುರಿಯಲಿಲ್ಲ ಎಂದಷ್ಟೇ ಹೇಳಬಲ್ಲೆ.

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಇಪ್ಪತ್ತರ ಹರೆಯದಲ್ಲಿ ರಸ್ತೆಬದಿ ಪಂಕ್ಚರ್ ತಿದ್ದುವ ಗೂಡಂಗಡಿ ಇಟ್ಟಾಗ, ಬಸ್ಸಿಗೆ ಕಾಯಲು ಅವರು ಅಲ್ಲಿಯೇ ಕೂಡುತ್ತಿದ್ದರು. ಬಳೆಗಳನ್ನು ಸುತ್ತಿ ಬಂದ ಹಳೆಯ ಪತ್ರಿಕೆಗಳನ್ನು ಮಡಚಿ ತಂದು ನನಗೆ ಕೊಡುತ್ತಿದ್ದರು. ಸ್ವತಃ ಅಕ್ಷರ ಬಾರದವರು. ಆದರೂ ಆರಿಸಿಯೇ ತರುತ್ತಿದ್ದರು. ‘ತಲಿ ಮ್ಯಾಗ ಗೆರಿ ಎಳದಿದ್ರ ಅದು ಸೊಲ್ಲಾಪುರದ್ದು, ಮರಾಠಿ, ಅದನ್ನ ಒಲಿಗಿ ಇಡ್ತೇನಿ. ದುಂಡಗ ಇದ್ರ ನಿನ್ನದು’ ಎನ್ನುತ್ತಿದ್ದರು. ಬಳೆಯ ಆಕಾರಕ್ಕೆ ಸುಕ್ಕಾದ ಆ ಹಾಳೆಗಳಿಂದಲೇ ನಾನು ಓದು ಕಲಿತೆ. ಅವು ಎಂದೂ ಪೂರ್ತಿ ಇರುತ್ತಿರಲಿಲ್ಲ. ಕೊಲೆಯಾದ ಸುದ್ದಿ ಇರುತ್ತಿತ್ತು, ಕೊಲೆಗಾರ ಬಿಡುಗಡೆಯಾದ ಪುಟ ಹರಿದಿರುತ್ತಿತ್ತು. ಅರ್ಧ ಸುದ್ದಿಯನ್ನು ಪೂರ್ತಿ ಎಂದು ನಂಬಬಾರದು ಎಂಬ ನನ್ನ ಹಟಕ್ಕೆ ಆ ಹರಿದ ಹಾಳೆಗಳೇ ಮೂಲ. ಮುಂದೆ ಕಾಯ್ದೆ ಪುಸ್ತಕಗಳನ್ನು ಕೊಂಡು ಓದಿದೆ. ನೋಟೀಸು ಬಂದವರು ನನ್ನ ಅಂಗಡಿಗೆ ಬಂದು ಓದಿಸಿಕೊಂಡು ಹೋಗುವಂತಾಯಿತು. ಇಷ್ಟು ಓದಿದವನು ಏನು ಮಾಡಿದೆ ಎಂಬುದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗಾಜಿನ ಬಳೆ ಏರಬೇಕಾದರೆ ಕೈಯಲ್ಲಿರುವ ಬಂಗಾರದ ಪಾಟ್ಲಿ ಇಳಿಯಬೇಕು. ಹೀಗಾಗಿ ಯಾವ ಮನೆಗೆ ಹೋದರೂ ಆಪಾ ಅವರ ಚಾಪೆಯ ಪಕ್ಕದಲ್ಲಿ ಬಂಗಾರ ಬಿದ್ದಿರುವ ಪ್ರಸಂಗ ಬರುತ್ತಿತ್ತು. ಅವರು ಅದನ್ನು ಮುಟ್ಟುತ್ತಿರಲಿಲ್ಲ. ‘ಮೊದಲ ಬಂಗಾರ ತಗದು ಸೆರಗಿಗಿ ಗಂಟ ಹಾಕ್ಕೋರಿ. ಗಂಟ ಬೀಳೂತನಕ ನಾ ಕೈ ಹಿಡಿಯೂದಿಲ್ಲ’ ಎಂದು ಪಟ್ಟು ಹಿಡಿಯುತ್ತಿದ್ದರು. ಹೆಂಗಸರು ‘ನಿಮ್ಮ ಮ್ಯಾಲ ನಮಗೇನು ಸಂಶೇ ಐತೇನ್ರಿ ಆಪಾ?’ ಎಂದರೆ, ‘ಇವತ್ತ ಇಲ್ಲ ಅಂತನ ಗಂಟ ಹಾಕ್ಕೋ ಅನ್ನಾಕತ್ತೇನಿ’ ಎನ್ನುತ್ತಿದ್ದರು.

ಕೆಲವು ವರ್ಷಗಳ ಹಿಂದೆ ನಮ್ಮೂರ ಮೇಲೋಣಿಯ ದೊಡ್ಡ ರೈತರೊಬ್ಬರ ಮನೆಯಲ್ಲಿ ಸೊಸೆಯ ಕುಬಸವಿತ್ತು. ಹಸಿರು ಬಳೆ ಇಡಲು ಆಪಾ ಹೋಗಿದ್ದರು. ಬೀಗರು ಬಾಗಿಲಿಗೆ ಬಂದ ಗಡಿಬಿಡಿಯಲ್ಲಿ, ಸೊಸೆಯ ಕೈಯಿಂದ ಇಳಿಸಿದ ಎರಡು ಪಾಟ್ಲಿಗಳನ್ನು ಅತ್ತೆ ಸೆರಗಿಗೆ ಕಟ್ಟಿಕೊಳ್ಳದೆ ಗೋಡೆಯ ಗೂಡಿನಲ್ಲಿ, ಮಾಡದಲ್ಲಿ, ಇಟ್ಟರಂತೆ. ‘ಗಂಟ ಹಾಕ್ಕೋರಿ’ ಎಂದು ತಾವು ಎರಡು ಸಲ ಹೇಳಿದ್ದಾಗಿ ಆಪಾ ಹೇಳಿದರು. ಒಂದು ಸಲವೂ ಹೇಳಲಿಲ್ಲ ಎಂದು ಅತ್ತೆ ಹೇಳಿದರು. ಎರಡೂ ನಾನು ಕಿವಿಯಾರೆ ಕೇಳಿದ ಮಾತಲ್ಲ. ಸಂಜೆಗೆ ಮಾಡ ಬರಿದಾಗಿತ್ತು ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ಭೇದವಿರಲಿಲ್ಲ.

ಅಂದು ಸಂಜೆಯೇ ಊರಿನ ವಾಟ್ಸಾಪ್ ಗುಂಪಿಗೆ ಆ ಮನೆಯ ಯಜಮಾನರ ಧ್ವನಿ ಬಂತು: ‘ಕುಬಸದ ಮನ್ಯಾಗ ಪಾಟ್ಲಿ ಕಳುವಾಗ್ಯಾವ. ಬಳಿ ಇಡಾಕ ಬಂದ ಮುದುಕೀನ ಒಯ್ದಾಳ. ಇನ್ನ ಮ್ಯಾಲ ಆಕೀನ ಯಾರೂ ಹೊಸ್ತಿಲ ದಾಟಿ ಒಳಗ ಬಿಟ್ಕೋಬ್ಯಾಡ್ರಿ.’

ಮರುದಿನ ಪೊಲೀಸರು ಬಂದು ಆಪಾ ಅವರ ಮನೆಯಲ್ಲಿದ್ದ ಪೆಟ್ಟಿಗೆ, ಹಾಸಿಗೆ, ಹಿಟ್ಟಿನ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರುವಿ ನೋಡಿದರು. ಏನೂ ಸಿಗಲಿಲ್ಲ. ತನಿಖೆ ಅಲ್ಲಿಗೆ ನಿಂತಿತು. ‘ಏನೂ ಸಿಗಲಿಲ್ಲ’ ಎಂಬ ಈ ಎರಡನೆಯ ಸುದ್ದಿಯನ್ನು ಗುಂಪಿಗೆ ಹಾಕುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಮೊದಲನೆಯದು ಮಾತ್ರ ಮುದ್ದೇಬಿಹಾಳ, ಸಿಂದಗಿ ಕಡೆಯ ಬೀಗರವರೆಗೂ ಹೋಯಿತು. ಇಂಡಿ ಊರಿಗೆ ಮದುವೆ ಮಾಡಿಕೊಟ್ಟಿದ್ದ ಆಪಾ ಅವರ ಮಗಳು ಆ ಧ್ವನಿಯನ್ನು ಕೇಳಿದ್ದು ತನ್ನ ಅತ್ತೆಯ ಫೋನಿನಲ್ಲಿ.

ನಮ್ಮ ಊರಿನವರು ಯಾರನ್ನೂ ಮುಖಕ್ಕೆ ಹೊಡೆದಂತೆ ಕಳ್ಳಿ ಎನ್ನುವವರಲ್ಲ. ಬಾಗಿಲಲ್ಲೇ ನಿಂತು ‘ಇವತ್ತ ಮನ್ಯಾಗ ಆರಾಮಿಲ್ರಿ ಆಪಾ’ ಎನ್ನುವರು. ‘ಮುಂದಿನ ಅಮಾಸಿಗಿ ಬರ್ರಿ’ ಎನ್ನುವರು. ಅಮಾವಾಸ್ಯೆ ಬಂದಾಗ ಹುಣ್ಣಿಮೆಯ ಮಾತೆತ್ತುವರು. ಎಂಟು ತಿಂಗಳು ಅವರು ಹೊತ್ತು ತಂದ ಮಲಾರ ಹಾಗೆಯೇ ಹಿಂತಿರುಗಿ ಹೋಗುತ್ತಿತ್ತು.

ನಾನೇನು ಮಾಡಿದೆ? ಪಂಚಮಿಗೆ ನಮ್ಮ ಸೊಸೆಗೆ ಬಳೆ ಇಡಿಸಬೇಕಾಗಿತ್ತು. ಆಪಾ ಬರುವ ಮೊದಲು ನಾನು ಸೊಸೆಗೆ, ‘ಬಂಗಾರ ಟ್ರಂಕಿನ್ಯಾಗಿಟ್ಟು ಕೀಲಿ ಹಾಕು. ಚಾಪಿ ಹೊರಗ ಕಟ್ಟಿ ಮ್ಯಾಲ ಹಾಸು’ ಎಂದೆ. ಕುಬಸದ ದಿನ ಮಧ್ಯಾಹ್ನ ಅವರು ಹಿತ್ತಲ ಓಣಿಯಿಂದ, ಸೊಂಟದ ಸಂಚಿ ಸರಿಪಡಿಸಿಕೊಳ್ಳುತ್ತ ಅವಸರದಲ್ಲಿ ನಡೆದುಹೋದುದನ್ನು ನಾನು ಕಂಡಿದ್ದೆ. ಎಲೆ ಅಡಿಕೆ ತಿನ್ನುವವರೆಲ್ಲ ಸಂಚಿ ಸರಿಪಡಿಸಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದರೂ ಆ ಧ್ವನಿ ಕೇಳಿದ ಮೇಲೆ ಆ ಸಂಚಿ ನನ್ನ ಕಣ್ಣಲ್ಲಿ ದಿನದಿನಕ್ಕೂ ಭಾರವಾಗುತ್ತ ಹೋಯಿತು. ಕದ್ದಿಲ್ಲ ಎಂಬುದಕ್ಕೂ ಪುರಾವೆಯಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಯಾರ ಮಾತನ್ನೂ ಸುಮ್ಮನೆ ನಂಬದ ಮನುಷ್ಯ ನಾನು ಎಂಬ ಹೆಮ್ಮೆಯೊಳಗೆ, ಒಬ್ಬ ದೊಡ್ಡ ರೈತರ ಮಾತನ್ನು ಸುಮ್ಮನೆ ನಂಬಿದ್ದೆ.

ಆಪಾ ಬಂದರು. ಚಾಪೆ ನೋಡಿದರು, ಬಾಗಿಲು ನೋಡಿದರು, ನನ್ನನ್ನು ನೋಡಿದರು. ಕಟ್ಟೆಯ ಮೇಲೆ ಕುಳಿತು ಸೊಸೆಯ ಕೈ ಹಿಡಿದರು. ಮೊದಲಾದರೆ ಒಳಗೆ ಹೋಗಿ ತಾವೇ ಬಿಂದಿಗೆಯಿಂದ ನೀರು ತುಂಬಿಕೊಂಡು ಕುಡಿಯುವವರು, ಅಂದು ‘ಒಂದ ತಂಬಿಗಿ ನೀರ ಕೊಡವ್ವಾ’ ಎಂದು ಕೇಳಿ ಇಸಿದುಕೊಂಡರು.

ಮುಂದಿನ ವಾರ ನನ್ನ ಅಂಗಡಿಗೆ ಬಂದರು.

‘ತಮ್ಮಾ, ನೀ ಕಾಯ್ದೆ ಓದೀದಿ. ನಾ ಕಳ್ಳಿ ಅಲ್ಲ ಅಂತ ಸರಕಾರದಿಂದ ಬರಸಿಕೊಡಾಕ ಬರ್ತೈತೇನು?’

‘ಹಂಗ ಬರಸಿ ಕೊಡೂದಿಲ್ಲ ಆಪಾ. ಕಳ್ಳಿ ಅಂದವರು ಅದನ್ನ ಸಿದ್ಧ ಮಾಡಬೇಕು. ಆಗಲಿಲ್ಲಂದ್ರ ಅವರ ಮ್ಯಾಲ ಮಾನಹಾನಿ ಫಿರ್ಯಾದ ಕೊಡಾಕ ಬರ್ತೈತಿ. ಪೊಲೀಸರ ಕಡಿ ಅಲ್ಲ, ನೀವ ನೆಟ್ಟಗ ಮ್ಯಾಜಿಸ್ಟ್ರೇಟರ ಮುಂದ.’

‘ಕೊಡು. ಮಗಳು ಫೋನ್ ಮಾಡೂದು ಬಿಟ್ಟಾಳ.’

ಅವರ ಪಾಲಿಗೆ ಇಡೀ ವ್ಯಾಜ್ಯ ಈ ನಾಲ್ಕು ಶಬ್ದಗಳಲ್ಲಿತ್ತು. ಸಂಪಾದನೆ ನಿಂತದ್ದನ್ನು ಅವರು ನನ್ನೆದುರು ಒಮ್ಮೆಯೂ ಎತ್ತಲಿಲ್ಲ.

ಫಿರ್ಯಾದು ದಾಖಲಾಗುತ್ತಲೇ ಊರ ಹಿರಿಯರು ರಾಜಿಗೆ ಬಂದರು. ಯಜಮಾನರ ಮನೆಗೆ ಆಪಾ ಬರಬೇಕು, ಒಳಗೆ ಕೂತು ‘ತಪ್ಪ ತಿಳದಿದ್ದೆ’ ಎಂದು ಯಜಮಾನರು ಅನ್ನುವರು, ಕಾಯಿ ಕೊಟ್ಟು ಕಳಿಸುವರು, ಅಲ್ಲಿಗೆ ಮುಗಿಯಿತು ಎಂಬುದು ಹಿರಿಯರ ಏರ್ಪಾಡು. ಆಪಾ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು.

‘ಮಾತ ಗ್ರೂಪಿನ್ಯಾಗ ಹಾಕ್ಯಾರ, ತಪ್ಪಾತು ಅನ್ನೂದು ಅಡಗಿಮನ್ಯಾಗ ಅಂತಾರೇನ್ರಿ?’

‘ದೊಡ್ಡ ಮಂದಿ ಆಪಾ. ಅವರಿಗೂ ಮರ್ಯಾದಿ ಐತಿ.’

‘ಐತ್ರಿ. ಅದಕ್ಕ ಅದು ಏಟು ನೋಯ್ತೈತಿ ಅಂತ ಅವರಿಗಿ ಗೊತ್ತಿರಬೇಕು.’

ಹಿರಿಯರು ಎದ್ದುಹೋದರು. ಅವರಲ್ಲೊಬ್ಬರು ನನ್ನ ಅಂಗಡಿಯ ಮುಂದೆ ನಿಂತು, ‘ನೀ ಪುಸ್ತಕ ಓದಿ ಊರ ಕೆಡಿಸಾಕತ್ತೀದಿ’ ಎಂದು ಹೇಳಿ ಹೋದರು.

ಬಸವನ ಬಾಗೇವಾಡಿಯ ಹರೆಯದ ವಕೀಲೆಯೊಬ್ಬರು ಪ್ರಕರಣ ಹಿಡಿದರು. ಅವರು ಮೊದಲ ದಿನವೇ ತಿಳಿಸಿ ಹೇಳಿದ್ದರು: ಮಾತು ಆಡಿದ್ದಾರೆ ಎಂಬುದಷ್ಟೇ ಸಾಲದು; ಅದನ್ನು ಕೇಳಿದ ಜನರ ದೃಷ್ಟಿಯಲ್ಲಿ ಫಿರ್ಯಾದಿಯ ಬೆಲೆ ಇಳಿಯಿತು ಎಂಬುದನ್ನು ತೋರಿಸುವ ಸಾಕ್ಷಿಗಳು ಬೇಕು. ಊರಿನ ಮೂವರು ಹೆಂಗಸರು ಸಾಕ್ಷಿಗೆ ಒಪ್ಪಿದರು. ಇದು ಸಣ್ಣ ಮಾತಲ್ಲ; ಮೂವರ ಮನೆಯವರೂ ಆ ಯಜಮಾನರ ಹೊಲಕ್ಕೆ ಕೆಲಸಕ್ಕೆ ಹೋಗುವವರು. ಧ್ವನಿ ನನ್ನ ಫೋನಿನಲ್ಲಿಯೂ ಬಂದಿತ್ತಾದ್ದರಿಂದ ನಾಲ್ಕನೆಯವನು ನಾನು.

ಸಾಕ್ಷಿಯ ದಿನ ಆ ಮೂವರು ಹೆಂಗಸರು ಹೊಸ ಸೀರೆಯುಟ್ಟು, ಬುತ್ತಿ ಕಟ್ಟಿಕೊಂಡು ಟಂಟಂ ಆಟೋದಲ್ಲಿ ಬಂದಿಳಿದರು. ನನ್ನ ಸರದಿ ಬರುವ ತನಕ ನಾನು ಒಳಗಿರುವಂತಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದೆ. ಒಳಗೆ ನಡೆದುದನ್ನು ಆ ಹೆಂಗಸರು ಹೇಳಿದ ರೀತಿಯೇ ಬೇರೆ, ವಕೀಲೆ ಹೇಳಿದ ರೀತಿಯೇ ಬೇರೆ. ಹೀಗಾಗಿ ನಾನು ನಂತರ ಹೇಳಿಕೆಗಳ ನಕಲು ತೆಗೆಸಿ ಓದಿದ್ದನ್ನೇ ಇಲ್ಲಿ ಹೇಳುತ್ತೇನೆ. ಎದುರು ವಕೀಲರು ಪಾಟೀಸವಾಲಿನಲ್ಲಿ ಮೂವರಿಗೂ ಕೇಳಿದ್ದು ಒಂದೇ ಪ್ರಶ್ನೆ: ಆ ಮಾತು ಕೇಳಿದ ಮೇಲೆ ಫಿರ್ಯಾದಿಯ ಬಗ್ಗೆ ನಿಮಗಿದ್ದ ಗೌರವ ಕಡಿಮೆಯಾಯಿತೇ? ಮೂವರೂ ಇಲ್ಲ ಎಂದಿದ್ದರು. ಒಬ್ಬರು ‘ಎಳ್ಳಕಾಳಿನಷ್ಟೂ ಇಲ್ಲ’ ಎಂದರೆ, ಇನ್ನೊಬ್ಬರು ‘ಮೊದಲಿಗಿಂತ ಹೆಚ್ಚಾಗಿದೆ’ ಎಂದಿದ್ದರು. ಎದುರು ವಕೀಲರು ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಕುಳಿತುಬಿಟ್ಟಿದ್ದರು.

ಹೊರಗೆ ಬಂದ ಮೂವರ ಮುಖಗಳಲ್ಲಿ ಗೆದ್ದ ಕಳೆ ಇತ್ತು. ವಕೀಲೆ ಹಣೆ ಒತ್ತಿಕೊಂಡು ಬಂದರು.

‘ಏನ್ರೀ ಅಕ್ಕಾರ, ಹಿಂಗ ಮಾಡಿದ್ರಿ? ಯಾರ ಕಣ್ಣಾಗೂ ಇವರ ಮರ್ಯಾದಿ ಕಡಿಮಿ ಆಗಿಲ್ಲಂದ್ರ, ಹಾನಿ ಎಲ್ಲೈತ್ರಿ?’

‘ಮತ್ತ ಏನನ್ನಬೇಕಿತ್ರಿ?’ ಎಂದು ಹಿರಿಯಳು ಸಿಡುಕಿದಳು. ‘ಆಪಾನ ಮುಂದ ನಿಂತು ಆಪಾ ಕಳ್ಳಿ ಅಂತ ನಂಬಿದ್ನಿ ಅನ್ನಬೇಕಿತ್ತೇನು? ನಮ್ಮ ನಾಲಿಗಿ ಸೇದಿ ಹೋಗೂದಿಲ್ಲ?’

‘ಹೆಸರ ಕೆಡಸೂ ಉದ್ದೇಶ ಇತ್ತು ಅಂತ ವಾದ ಮಾಡ್ತೇನ್ರಿ. ಆದ್ರ ಕೇಸ್ ಬಡವಾತು’ ಎಂದು ವಕೀಲೆ ನನ್ನ ಕಡೆ ತಿರುಗಿದರು. ‘ಕಾಕಾ, ಇನ್ನ ನೀವೊಬ್ಬರು. ಏನ ಹೇಳ್ರಿ ಅಂತ ನಾ ಹೇಳಿಕೊಡಾಂಗಿಲ್ಲ. ಆದದ್ದನ್ನ ಹೇಳ್ರಿ.’

ಆ ಹೆಂಗಸರ ಪ್ರೀತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಮೂವರೂ ನಂಬಲಿಲ್ಲವಾದರೆ, ಎಂಟು ತಿಂಗಳು ಆ ಮೂರು ಬಾಗಿಲುಗಳನ್ನು ಮುಚ್ಚಿದವರು ಯಾರು? ನಾನು ಕೇಳಬೇಕೆಂದುಕೊಂಡೆ. ಬುತ್ತಿ ಬಿಚ್ಚಿ ಆಪಾ ಅವರಿಗೆ ಮೊದಲ ರೊಟ್ಟಿ ಹಾಕುತ್ತಿದ್ದವರನ್ನು ನೋಡಿ ಕೇಳುವುದನ್ನು ಬಿಟ್ಟೆ. ಅದೂ ಅಲ್ಲದೆ, ನಾಲ್ಕನೆಯ ಬಾಗಿಲು ನನ್ನದೇ ಆಗಿತ್ತು.

ಊಟದ ನಂತರ ನನ್ನನ್ನು ಕರೆದರು. ಆಪಾ ಎದುರು ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಧ್ವನಿ ಕೇಳಿದ್ದನ್ನು ಹೇಳಿದೆ. ಕೇಳಿದ ಮೇಲೆ ನಿಮಗೇನನ್ನಿಸಿತು ಎಂದು ವಕೀಲೆ ಕೇಳಿದರು. ‘ನಂಬಲಿಲ್ಲ’ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದು ಸಭ್ಯವಾದ ಮಾತು. ಅದನ್ನು ಆಡಿದ್ದರೆ ಸಂಜೆ ಆಪಾ ಅವರ ಮುಖ ನೋಡುವುದು ನನಗೆ ಸುಲಭವಾಗುತ್ತಿತ್ತು.

‘ನಂಬಿದೆ’ ಎಂದೆ. ‘ಸೊಸೆಯ ಬಂಗಾರ ಟ್ರಂಕಿನಲ್ಲಿ ಇಡಿಸಿದೆ. ನಲವತ್ತು ವರ್ಷ ಅಡುಗೆಮನೆಯವರೆಗೆ ಬರುತ್ತಿದ್ದವರನ್ನು ಹೊರಗೆ ಕಟ್ಟೆಯ ಮೇಲೆ ಕೂಡಿಸಿದೆ.’

ಎದುರು ವಕೀಲರು ಎದ್ದರು. ‘ಅಂದರೆ ನಿಮಗೂ ಇವರ ಮೇಲೆ ಸಂಶಯವಿತ್ತು?’

‘ಇತ್ತು.’

‘ಈ ಧ್ವನಿ ಬರುವ ಮೊದಲಿನಿಂದಲೂ ಇತ್ತೋ?’

‘ಇಲ್ಲ. ಧ್ವನಿ ಕೇಳಿದ ಮೇಲೆ ಬಂತು.’

ಕೇಳಬಾರದ್ದನ್ನು ಕೇಳಿದೆನೆಂದು ಅವರಿಗೆ ಆ ಕ್ಷಣದಲ್ಲಿ ಹೊಳೆದಿರಬೇಕು. ಇನ್ನೊಂದು ಕೇಳಿದರು: ‘ಪಾಟ್ಲಿ ಇವರು ತೆಗೆದುಕೊಂಡಿಲ್ಲ ಎಂದು ನಿಮಗೆ ಖಚಿತವಾಗಿ ಗೊತ್ತೇ?’

‘ಗೊತ್ತಿಲ್ಲ. ತೆಗೆದುಕೊಂಡರು ಎಂದು ಗೊತ್ತಿರುವವರೂ ಯಾರೂ ಇಲ್ಲ. ಪುರಾವೆಯಿಲ್ಲದ ಸಂಶಯ ನನ್ನ ತಪ್ಪು, ಅವರದಲ್ಲ.’

ಹಿಂತಿರುಗುವ ಬಸ್ಸಿನಲ್ಲಿ ಹೆಂಗಸರು ನನ್ನಿಂದ ದೂರ ಕುಳಿತರು. ‘ದೊಡ್ಡ ಶಾಣ್ಯಾ. ಮಂದಿ ಮುಂದ ಮುದುಕಿ ಮಾನ ಕಳದ’ ಎಂದು ಒಬ್ಬಳು ನನಗೆ ಕೇಳುವಂತೆಯೇ ಅಂದಳು. ಆಪಾ ಕಿಟಕಿಯ ಪಕ್ಕ ಕುಳಿತು ಹೊಲಗಳನ್ನು ನೋಡುತ್ತಿದ್ದರು. ನಮ್ಮೂರ ಸ್ಟಾಪಿನಲ್ಲಿ ಇಳಿದ ಮೇಲೆ, ಉಳಿದವರನ್ನು ಮುಂದೆ ಹೋಗಲು ಬಿಟ್ಟು ನನ್ನ ಕಡೆ ತಿರುಗಿದರು.

‘ಕಟ್ಟಿ ಮ್ಯಾಲ ಯಾಕ ಕುಂಡ್ರಿಸಿದಿ ಅಂತ ನನಗ ಅವತ್ತ ಗೊತ್ತಾಗಿತ್ತು ತಮ್ಮಾ. ನಿನ್ನ ಬಾಯಿಲೆ ಕೇಳಬೇಕಿತ್ತು.’

‘ತಪ್ಪಾತು ಆಪಾ.’

‘ಆತು. ಆದ್ರ ಇವತ್ತ ಕೋರ್ಟಿನ್ಯಾಗ ನೀ ಒಬ್ಬನ ನನಗ ಆದದ್ದನ್ನ ಹೇಳಿದಿ. ಉಳದಾರು ತಮಗ ಹೆಂಗ ಕಾಣಬೇಕೋ ಹಂಗ ಹೇಳಿದ್ರು.’

ಮುಂದಿನ ತಾರೀಖಿನೊಳಗೆ ಎದುರು ಕಡೆಯಿಂದಲೇ ರಾಜಿಯ ಮಾತು ಬಂತು. ಆಪಾ ಒಂದೇ ಷರತ್ತು ಹಾಕಿದರು: ಅದೇ ಗುಂಪಿನಲ್ಲಿ, ಅದೇ ಧ್ವನಿಯಲ್ಲಿ. ಯಜಮಾನರು ಬಹಳ ದಿನ ಎಳೆದಾಡಿ ಕೊನೆಗೆ ಒಪ್ಪಿದರು. ‘ಪುರಾವಿ ಇಲ್ಲದ ಅಂದಿದ್ನಿ. ಅದು ನನ್ನ ತಪ್ಪು’ ಎಂಬ ಧ್ವನಿ ಒಂದು ಮಧ್ಯಾಹ್ನ ಎಲ್ಲರ ಫೋನಿಗೂ ಬಂತು. ಆಪಾ ಫಿರ್ಯಾದು ಹಿಂತೆಗೆದುಕೊಂಡರು. ಮೊದಲ ಧ್ವನಿಯನ್ನು ಊರೂರಿಗೆ ದಾಟಿಸಿದವರು ಎರಡನೆಯದನ್ನು ದಾಟಿಸಿದರೋ ಇಲ್ಲವೋ ಎಂಬ ಬಗ್ಗೆ ನನಗೆ ಬಲವಾದ ಅನುಮಾನವಿದೆ. ಇಂಡಿಗೆ ಮಾತ್ರ ನಾನೇ ಕಳಿಸಿದೆ. ಅಂದು ಸಂಜೆ ಮಗಳ ಫೋನ್ ಬಂತೆಂದು ಹೇಳಲು ಆಪಾ ನನ್ನ ಅಂಗಡಿಯವರೆಗೆ ನಡೆದುಬಂದರು.

ಪಾಟ್ಲಿ ಏನಾದವು? ಮಗನೇ ಸೊಲ್ಲಾಪುರಕ್ಕೆ ಒಯ್ದ ಎನ್ನುವವರಿದ್ದಾರೆ, ಸೊಸೆ ತವರಿಗೆ ಸಾಗಿಸಿದಳು ಎನ್ನುವವರಿದ್ದಾರೆ, ಜೋಳದ ಚೀಲದಲ್ಲಿ ಸಿಕ್ಕವು ಎಂದು ಆಣೆ ಮಾಡುವವರೂ ಇದ್ದಾರೆ. ಕಣ್ಣಾರೆ ಕಂಡವರನ್ನು ಕರೆತನ್ನಿ ಎಂದರೆ ಯಾರೂ ಬರುವುದಿಲ್ಲ. ಆ ಸೊಸೆಯ ಹೆಸರನ್ನು ಹೀಗೆ ಎಳೆಯುವುದೂ ಮೊದಲಿನದೇ ತಪ್ಪು ಎಂದು ನಾನು ಹೇಳಿದಾಗ ಜನ ನಗುತ್ತಾರೆ.

ಆಪಾ ಮತ್ತೆ ಬಳೆ ಹೊತ್ತು ಬಂದರು. ಈಗ ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು. ‘ಒಳಗ ಬರ್ರಿ, ಒಳಗ ಬರ್ರಿ’ ಎಂದು ಕೈ ಹಿಡಿದು ಎಳೆಯುತ್ತಿದ್ದರು. ಅವರು ಹೋಗಲಿಲ್ಲ. ‘ಇಲ್ಲೇ ಚಲೋ ಐತಿ, ಗಾಳಿ ಬರ್ತೈತಿ’ ಎಂದು ಪ್ರತಿ ಮನೆಯ ಕಟ್ಟೆಯ ಮೇಲೆಯೇ ಚಾಪೆ ಹಾಸಿಸಿಕೊಂಡರು. ಸಾಯುವ ತನಕ ಅವರು ಹೊಸ್ತಿಲು ದಾಟಿ ಹೋದದ್ದು ನಮ್ಮ ಮನೆಯೊಂದಕ್ಕೇ. ಯಾಕೆ ಎಂದು ನನ್ನ ಹೆಂಡತಿ ಕೇಳಿದಳು.

‘ನಿಮ್ಮ ಮನ್ಯಾಗ ಸಂಶೇ ಎಲ್ಲಿ ಕುಂತಿತ್ತು, ಯಾವಾಗ ಎದ್ದುಹೋತು, ಎಲ್ಲಾ ಗೊತ್ತೈತಿ ನನಗ. ಉಳದ ಮನ್ಯಾಗ ಗೊತ್ತಾಗೂದಿಲ್ಲವ್ವಾ’ ಎಂದರು.

ಕಳೆದ ಚಳಿಗಾಲದಲ್ಲಿ ಮೂರು ದಿನದ ಜ್ವರಕ್ಕೆ ಅವರು ತೀರಿಕೊಂಡರು. ಊರೆಲ್ಲ ಸೇರಿತ್ತು; ಇಂಡಿಯಿಂದ ಮಗಳು, ಅವಳ ಅತ್ತೆ ಇಬ್ಬರೂ ಬಂದಿದ್ದರು. ಹೆಂಗಸರು ಅಳುತ್ತ ಹೇಳಿದ್ದು ಒಂದೇ ಮಾತು: ‘ನಾವಂತೂ ಒಂದಿನಾನೂ ನಂಬಲಿಲ್ಲವ್ವಾ.’ ಯಜಮಾನರ ಮನೆಯಿಂದ ಬಂದವರೂ ಅದನ್ನೇ ಅಂದರು. ಈಗ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಇದೇ ಕಥೆ. ಹೊಸಬರು ಅದನ್ನೇ ಕೇಳಿ ಬೆಳೆಯುತ್ತಾರೆ: ಆ ಮುದುಕಿಯನ್ನು ಈ ಊರು ಎಂದೂ ಅನುಮಾನಿಸಲಿಲ್ಲ. ಹಾಗಾದರೆ ಅವರಿಗೆ ಅನ್ಯಾಯವೂ ಆಗಲಿಲ್ಲ, ಎಂಟು ತಿಂಗಳು ಅವರು ಸುಮ್ಮನೆ ಅಲೆದರು.

ನಾನು ವಾದಿಸುವುದಿಲ್ಲ. ಅವರನ್ನು ಕಳ್ಳಿ ಎಂದು ನಂಬಿದ ಒಬ್ಬನೇ ಒಬ್ಬನ ಹೆಸರು ಕೋರ್ಟಿನ ಕಡತದಲ್ಲಿದೆ, ಅದರ ಕೆಳಗೆ ನನ್ನ ರುಜು ಇದೆ. ಊರವರು ಅದನ್ನು ತೋರಿಸಿ ನನ್ನನ್ನು ಮೂದಲಿಸಿದರೆ ಮೂದಲಿಸಲಿ. ಆಪಾ ಅವರಿಗೆ ಏನಾಯಿತು ಎಂಬುದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ. ಅದನ್ನು ನಾನು ಹಿಂತೆಗೆದುಕೊಳ್ಳಲಾರೆ.